ದೊಡ್ಡ ಮೀನು ಇದ್ದವು, ಮರಿಗಳೇ ಇರಲಿಲ್ಲ: ಕೊಲರಾಡೊದ ಒಂದು ಟ್ರೌಟ್ ಪ್ರಕರಣ

ಇದು ಅಮೆರಿಕದ ಕೊಲರಾಡೊ ರಾಜ್ಯದಲ್ಲಿ ನಡೆದದ್ದು. ಹೊರಗಿನಿಂದ ತಂದು ಬಿಟ್ಟ ಮೀನಿಗೆ ಹೊರಗಿನಿಂದಲೇ ಬಂದ ಪರಾವಲಂಬಿ ಜೀವಿ ಅಂಟಿಕೊಂಡು, ಹತ್ತು ವರ್ಷ ತುಂಬುವುದರೊಳಗೆ ದೊಡ್ಡ ದೊಡ್ಡ ನದಿಗಳ ಲೆಕ್ಕವನ್ನೇ ಬುಡಮೇಲು ಮಾಡಿತು. ಮೀನು ಸಾಕುವವರು, ಕೆರೆ ಗುತ್ತಿಗೆ ಹಿಡಿದು ಮರಿ ಬಿಡುವ ಸಂಘದವರು, ಮನೆಯಲ್ಲಿ ಅಕ್ವೇರಿಯಂ ಇಟ್ಟವರು ಓದಲಿ ಅಂತ ಬರೆಯುತ್ತಿದ್ದೇನೆ. ನದಿಗಳ ಹೆಸರು ಇದ್ದ ಹಾಗೇ ಇಟ್ಟಿದ್ದೇನೆ, ಅವಿಲ್ಲದೆ ಕಥೆ ತಿಳಿಯುವುದಿಲ್ಲ. ಸೋಂಕಿನ ಮೀನು ಮಾರಿದ ಖಾಸಗಿ ಮೀನುಮರಿ ಕೇಂದ್ರ ಯಾವುದು, ಯಾವ ಅಧಿಕಾರಿ ಯಾವ ಕಡತಕ್ಕೆ ಸಹಿ ಹಾಕಿದರು ಅನ್ನುವುದನ್ನೆಲ್ಲ ಬಿಟ್ಟಿದ್ದೇನೆ. ನಮಗೆ ಬೇಕಾದದ್ದು ಬೇರೆ. ಆಗ ಅವರಿಗೆ ಏನು ಗೊತ್ತಿತ್ತು, ಅಷ್ಟನ್ನೇ ಇಟ್ಟುಕೊಂಡು ಏನು ನಿರ್ಧಾರ ಮಾಡಿದರು, ಅದರಿಂದ ಏನಾಯಿತು?

ಹಿನ್ನೆಲೆ: ಮೀನೂ ಹೊರಗಿನದು, ರೋಗವೂ ಹೊರಗಿನದು

ಕೊಲರಾಡೊಗೆ ಸ್ವಂತದ ಟ್ರೌಟ್ ಅಂತ ಇರುವುದು ಒಂದೇ, ಕಟ್‌ಥ್ರೋಟ್ ಟ್ರೌಟ್. ಗಂಟಲ ಕೆಳಗೆ ಕೆಂಪು ಗೆರೆ ಇರುವ ಮೀನು. ಈಗ ಅಲ್ಲಿಯ ನದಿಗಳಲ್ಲಿ ಜನ ಗಾಳ ಹಾಕಿ ಹಿಡಿಯುವ ರೈನ್‌ಬೋ ಟ್ರೌಟ್ ಮತ್ತು ಬ್ರೌನ್ ಟ್ರೌಟ್ ಎರಡೂ 19ನೇ ಶತಮಾನದ ಕೊನೆಯಲ್ಲಿ ತಂದು ಬಿಟ್ಟವು. ರೈನ್‌ಬೋ ಬಂದದ್ದು ಅದೇ ದೇಶದ ಪೆಸಿಫಿಕ್ ಕರಾವಳಿಯ ಕಡೆಯಿಂದ, ಬ್ರೌನ್ ಬಂದದ್ದು ಯೂರೋಪಿನಿಂದ. ಇದರಲ್ಲಿ ನಾವು ಆಶ್ಚರ್ಯಪಡುವಂಥದ್ದೇನೂ ಇಲ್ಲ. ಕಾವೇರಿ ಕಣಿವೆಯ ಕೆರೆಗಳಲ್ಲಿ ನಾವು ಬೆಳೆಸುವ ಕಾಟ್ಲಾ, ರೋಹು ಉತ್ತರದ ನದಿಗಳಿಂದ ತಂದವು. ಸಾಮಾನ್ಯ ಗೆಂಡೆ, ಹುಲ್ಲುಗೆಂಡೆ, ಬೆಳ್ಳಿಗೆಂಡೆಗಳಂತೂ ಪರದೇಶದವೇ. ನೂರು ವರ್ಷ ಒಂದು ನೀರಲ್ಲಿ ಇದ್ದ ಮೇಲೆ ಜನ ಅದನ್ನು ನಮ್ಮ ಮೀನು ಅಂತಲೇ ತಿಳಿಯುತ್ತಾರೆ, ಅಲ್ವಾ? ಕೊಲರಾಡೊದಲ್ಲೂ ಹಾಗೇ ಆಯಿತು. ರೈನ್‌ಬೋ ಅಲ್ಲಿ ತಾನೇ ಮೊಟ್ಟೆ ಇಟ್ಟು ಮರಿ ಮಾಡಿ ನದಿಯಲ್ಲಿ ನೆಲೆ ನಿಂತಿತ್ತು. ಮೇಲ್ಭಾಗದ ಕೊಲರಾಡೊ ನದಿ ಮತ್ತು ಗನ್ನಿಸನ್ ನದಿ ಅಂದರೆ ದೂರದೂರದಿಂದ ಗಾಳದವರು ಬರುತ್ತಿದ್ದರು. ಅವರು ತೆಗೆದುಕೊಳ್ಳುವ ಪರವಾನಗಿಯ ದುಡ್ಡಿನ ಮೇಲೆಯೇ ರಾಜ್ಯದ ವನ್ಯಜೀವಿ ಇಲಾಖೆ ಬಹಳ ಮಟ್ಟಿಗೆ ನಡೆಯುತ್ತಿತ್ತು. ಇಷ್ಟನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇನ್ನು ರೋಗ. ಇಂಗ್ಲಿಷಿನವರು ಇದನ್ನು ವ್ಹರ್ಲಿಂಗ್ ಡಿಸೀಸ್ ಅನ್ನುತ್ತಾರೆ, ನಾನು ಸುತ್ತು ರೋಗ ಅಂತಲೇ ಬರೆಯುತ್ತೇನೆ. ಇದನ್ನು ತರುವ ಜೀವಿ ಮಿಕ್ಸೊಬೋಲಸ್ ಸೆರೆಬ್ರಾಲಿಸ್. ಹುಳುವಲ್ಲ, ಬ್ಯಾಕ್ಟೀರಿಯಾ ಅಲ್ಲ. ವಂಶದಲ್ಲಿ ನೋಡಿದರೆ ಜೆಲ್ಲಿಮೀನಿನ ದೂರದ ನೆಂಟ, ಆದರೆ ಸೂಕ್ಷ್ಮದರ್ಶಕ ಇಲ್ಲದೆ ಕಾಣದಷ್ಟು ಸಣ್ಣದಾಗಿ ಇಳಿದುಹೋಗಿದೆ. ಯೂರೋಪಿನ ಬ್ರೌನ್ ಟ್ರೌಟ್ ಜೊತೆ ಬಹಳ ಕಾಲದಿಂದ ಇದ್ದದ್ದು. ಆ ಮೀನಿಗೆ ಇದರಿಂದ ಹೆಚ್ಚು ತೊಂದರೆ ಇಲ್ಲ, ಒಬ್ಬರಿಗೊಬ್ಬರು ಹೊಂದಿಕೊಂಡುಬಿಟ್ಟಿವೆ. 1880ರ ದಶಕದಲ್ಲಿ ಅಮೆರಿಕದ ರೈನ್‌ಬೋವನ್ನು ಸಾಕಣೆಗೆ ಅಂತ ಜರ್ಮನಿಗೆ ಒಯ್ದರು. ಅದು ಹೊಸ ಊರಿನಲ್ಲಿ ಹಳೆಯ ಪರಾವಲಂಬಿಗೆ ಸಿಕ್ಕಿಬಿತ್ತು. 1893ರಲ್ಲಿ ಅಲ್ಲಿಯ ಸಾಕಣೆ ಕೊಳಗಳಲ್ಲಿ ಮರಿಗಳು ತಮ್ಮ ಬಾಲವನ್ನೇ ಅಟ್ಟಿಸಿಕೊಂಡು ಹೋಗುವ ಹಾಗೆ ಗಿರಗಿರ ಸುತ್ತುವುದು ಕಂಡಿತು. 1903ರಲ್ಲಿ ಬ್ರೂನೊ ಹೋಫರ್ ಎಂಬ ಜರ್ಮನ್ ವಿಜ್ಞಾನಿ ಆ ಜೀವಿಯನ್ನು ವಿವರಿಸಿ ಹೆಸರಿಟ್ಟರು. 1950ರ ದಶಕದಲ್ಲಿ ಅದು ಅಟ್ಲಾಂಟಿಕ್ ದಾಟಿ ಪೆನ್ಸಿಲ್ವೇನಿಯಾದಲ್ಲಿ ಕಾಣಿಸಿಕೊಂಡಿತು. ಅಂದರೆ ಹೋದದ್ದು ಮೀನು, ವಾಪಸ್ಸು ಬಂದದ್ದು ರೋಗ.

ಅದು ಹೇಗೆ ಹರಡುತ್ತದೆ ಅನ್ನುವುದು ಮಾತ್ರ ಎಂಬತ್ತು ವರ್ಷ ಯಾರಿಗೂ ಗೊತ್ತಾಗಲಿಲ್ಲ. ಮೀನಿನಿಂದ ಮೀನಿಗೆ ನೇರವಾಗಿ ಬರುತ್ತದೆ ಅಂತಲೇ ಎಲ್ಲರೂ ಅಂದುಕೊಂಡಿದ್ದರು, ಆದರೆ ಪ್ರಯೋಗಾಲಯದಲ್ಲಿ ಅಂಟಿಸಲು ಹೋದರೆ ಅಂಟುತ್ತಿರಲಿಲ್ಲ. 1980ರ ದಶಕದ ಮೊದಲಲ್ಲಿ ವುಲ್ಫ್ ಮತ್ತು ಮಾರ್ಕಿವ್ ಎಂಬ ಇಬ್ಬರು ಸಂಶೋಧಕರು ಒಗಟು ಬಿಡಿಸಿದರು. ನಡುವೆ ಇನ್ನೊಂದು ಪ್ರಾಣಿ ಬೇಕು, ಅದು ಟ್ಯೂಬಿಫೆಕ್ಸ್ ಹುಳು. ಹೌದು, ಅಕ್ವೇರಿಯಂ ಅಂಗಡಿಯಲ್ಲಿ ಮೀನಿಗೆ ತಿನ್ನಿಸಲು ಒಣಗಿಸಿ ಚೌಕ ಚೌಕ ಮಾಡಿ ಮಾರುತ್ತಾರಲ್ಲ, ಅದೇ ಹೆಸರಿನ ಕೆಂಪು ಹುಳು. ಸತ್ತ ಮೀನಿನ ತಲೆಯಿಂದ ಬಿಡುಗಡೆಯಾದ ಬೀಜಾಣು ಕೆಸರಿಗೆ ಇಳಿಯುತ್ತದೆ. ಕೆಸರು ತಿನ್ನುವ ಹುಳು ಅದನ್ನೂ ನುಂಗುತ್ತದೆ. ಸುಮಾರು ಮೂರು ತಿಂಗಳು ಹುಳುವಿನ ಹೊಟ್ಟೆಯಲ್ಲಿ ಬೆಳೆದು, ಪೂರ್ತಿ ಬೇರೆ ವೇಷದಲ್ಲಿ, ಮೂರು ಉದ್ದನೆಯ ಕೈಗಳಿರುವ ಲಂಗರಿನ ಹಾಗೆ ಹೊರಬಂದು ನೀರಿನಲ್ಲಿ ತೇಲುತ್ತದೆ. ಕೆಲವು ದಿನಗಳೊಳಗೆ ಟ್ರೌಟ್ ಮರಿ ಸಿಕ್ಕರೆ ಬದುಕು, ಇಲ್ಲದಿದ್ದರೆ ಮುಗಿಯಿತು. ಸಿಕ್ಕರೆ ಚರ್ಮ ಕೊರೆದು, ನರಗಳ ದಾರಿ ಹಿಡಿದು ಎಳೆಮೂಳೆಗೆ ಹೋಗಿ ಅದನ್ನೇ ತಿನ್ನುತ್ತದೆ. ಹುಟ್ಟಿ ಒಂದೆರಡು ತಿಂಗಳ ಮರಿಯಲ್ಲಿ ಅಸ್ಥಿಪಂಜರವೆಲ್ಲ ಹೆಚ್ಚುಕಡಿಮೆ ಎಳೆಮೂಳೆಯೇ ಆದ್ದರಿಂದ ಪೆಟ್ಟು ಬೀಳುವುದು ಅವಕ್ಕೇ. ಬಾಲ ಕಪ್ಪಾಗುತ್ತದೆ, ತಲೆಬುರುಡೆ ಸೊಟ್ಟಗಾಗುತ್ತದೆ, ನೆಟ್ಟಗೆ ಈಜಲಾಗುವುದಿಲ್ಲ. ಮೂಳೆ ಗಟ್ಟಿಯಾದ ದೊಡ್ಡ ಮೀನಿಗೂ ಸೋಂಕು ತಗಲುತ್ತದೆ, ಆದರೆ ಹೊರಗೆ ಏನೂ ಕಾಣುವುದಿಲ್ಲ. ಆರಾಮಾಗಿ ತಿಂದುಕೊಂಡು, ತಲೆಯಲ್ಲಿ ಲಕ್ಷಗಟ್ಟಲೆ ಬೀಜಾಣು ಹೊತ್ತುಕೊಂಡು ತಿರುಗುತ್ತದೆ.

ನನ್ನ ಪ್ರಕಾರ ಈ ಪ್ರಕರಣದ ಕೀಲಿ ಇರುವುದೇ ಆ ಕೊನೆಯ ಎರಡು ವಾಕ್ಯಗಳಲ್ಲಿ.

ಸಮಸ್ಯೆ ಶುರುವಾದದ್ದು

1980ರ ದಶಕದಲ್ಲಿ ಬೇರೆ ರಾಜ್ಯದ ಖಾಸಗಿ ಕೇಂದ್ರವೊಂದರಿಂದ ಕೊಲರಾಡೊಗೆ ರೈನ್‌ಬೋ ಮೀನು ಬಂದವು. ನೋಡಲು ಚೆನ್ನಾಗಿದ್ದವು. ಅವುಗಳಲ್ಲಿ ಸೋಂಕಿದೆ ಅಂತ ದಶಕದ ಕೊನೆಗೆ, 1987ರ ಸುಮಾರಿಗೆ, ಪತ್ತೆಯಾಗುವ ಹೊತ್ತಿಗೆ ಆ ಮೀನು ಮತ್ತು ಅವುಗಳ ಜೊತೆ ಬೆಳೆದ ಮೀನು ಸುಮಾರು 40 ಕಡೆಯ ನೀರಿಗೆ ಹೋಗಿಬಿಟ್ಟಿದ್ದವು.

ಆಗ ಇಲಾಖೆಯ ಮುಂದೆ ಎರಡು ದಾರಿ. ಸೋಂಕು ಕಂಡ ಕೇಂದ್ರಗಳ ಮೀನನ್ನೆಲ್ಲ ನಾಶಮಾಡಿ ಕೊಳ ಒಣಗಿಸುವುದು ಒಂದು. ಸೋಂಕಿನ ಜೊತೆಗೇ ಮೀನು ಬೆಳೆಸಿ ನದಿಗೆ ಬಿಡುತ್ತ ಹೋಗುವುದು ಇನ್ನೊಂದು. ಅವರು ಹೆಚ್ಚಾಗಿ ಎರಡನೆಯದನ್ನೇ ಹಿಡಿದರು. ಇವತ್ತು ಕೂತು ಬೈಯುವುದು ಸುಲಭ. ಆದರೆ ಅವರ ಹತ್ತಿರ ಒಂದು ವಾದ ಇತ್ತು, ಅದು ತೀರ ದಡ್ಡ ವಾದವೂ ಅಲ್ಲ. ಪೆನ್ಸಿಲ್ವೇನಿಯಾ, ಮಿಷಿಗನ್ ಥರದ ಪೂರ್ವದ ರಾಜ್ಯಗಳಲ್ಲಿ ಈ ಪರಾವಲಂಬಿ ದಶಕಗಳಿಂದ ಇದೆ. ಅಲ್ಲಿ ಸಾಕಣೆ ಕೊಳದಲ್ಲಿ ಮರಿ ಸತ್ತಿವೆ, ಆದರೆ ಹರಿಯುವ ನದಿಯಲ್ಲಿ ಕಾಡುಮೀನು, ಅಂದರೆ ನದಿಯಲ್ಲೇ ಹುಟ್ಟಿ ಬೆಳೆದ ಮೀನು, ಕುಸಿದದ್ದು ಯಾರೂ ನೋಡಿಲ್ಲ. ಆದ್ದರಿಂದ ಇದು ಕಿಕ್ಕಿರಿದ ಕೊಳದ ರೋಗ, ನದಿಯ ರೋಗ ಅಲ್ಲ. ಸೋಂಕಿನ ಮೀನಿನಿಂದ ಮನುಷ್ಯರಿಗೆ ಅಂಟುವ ಅಪಾಯ ಇಲ್ಲ. ತಿನ್ನಲು ಅಡ್ಡಿಯಿಲ್ಲ. ಮೀನು ಬಿಡುವುದು ನಿಲ್ಲಿಸಿದರೆ ಗಾಳದವರು ಗಲಾಟೆ ಮಾಡುತ್ತಾರೆ, ಪರವಾನಗಿ ದುಡ್ಡು ಕಡಿಮೆಯಾಗುತ್ತದೆ. ಕಾಣದ ನಷ್ಟಕ್ಕೆ ಹೆದರಿ ಕಾಣುವ ನಷ್ಟವನ್ನು ಯಾರು ತಲೆಮೇಲೆ ಹಾಕಿಕೊಳ್ಳುತ್ತಾರೆ?

ವಾದದಲ್ಲಿ ತೂತು ಎಲ್ಲಿತ್ತು ಅಂದರೆ, ಪೂರ್ವದಲ್ಲಿ ಏನೂ ಆಗಿಲ್ಲ ಅನ್ನುವುದಕ್ಕೂ ಏನೂ ಕಂಡಿಲ್ಲ ಅನ್ನುವುದಕ್ಕೂ ಅವರು ವ್ಯತ್ಯಾಸ ಮಾಡಲಿಲ್ಲ. ಪೂರ್ವದ ಅನೇಕ ನದಿಗಳಲ್ಲಿ ನೆಲೆ ನಿಂತದ್ದು ಬ್ರೌನ್ ಟ್ರೌಟ್, ಅಂದರೆ ಪರಾವಲಂಬಿಗೆ ಒಗ್ಗಿಕೊಂಡ ಮೀನು. ಕೊಲರಾಡೊದ ದೊಡ್ಡ ನದಿಗಳಲ್ಲಿ ತಾನೇ ಮರಿ ಮಾಡಿಕೊಂಡು ಬದುಕಿದ್ದದ್ದು ರೈನ್‌ಬೋ. ಮೀನು ಬೇರೆ, ನದಿ ಬೇರೆ, ಅಲ್ಲಿಯ ಅನುಭವ ಮಾತ್ರ ಎತ್ತಿ ಇಲ್ಲಿ ಇಟ್ಟರು.

ತಿರುವು: ಮರಿ ಎಲ್ಲಿ ಹೋದವು?

ಕೆಲವು ವರ್ಷ ಎಲ್ಲ ಚೆನ್ನಾಗಿಯೇ ಕಂಡಿತು. ಗಾಳಕ್ಕೆ ದೊಡ್ಡ ರೈನ್‌ಬೋ ಸಿಗುತ್ತಿದ್ದವು. ಫೋಟೊ ತೆಗೆಸಿಕೊಳ್ಳುವಂಥ ಮೀನು. ಯಾರಿಗೆ ಅನುಮಾನ ಬರಬೇಕು?

ಅನುಮಾನ ಬಂದದ್ದು ಲೆಕ್ಕ ಹಾಕುವವರಿಗೆ. ಇಲಾಖೆಯ ಸಂಶೋಧಕರು ನದಿಯ ಒಂದು ಭಾಗದಲ್ಲಿ ನೀರಿಗೆ ಸಣ್ಣಗೆ ಕರೆಂಟು ಕೊಟ್ಟು ಮೀನನ್ನು ಕ್ಷಣಕಾಲ ಮಂಕು ಮಾಡಿ, ಎಣಿಸಿ, ಉದ್ದ ಅಳೆದು ವಾಪಸ್ಸು ಬಿಡುತ್ತಾರೆ. ಹೀಗೆ ಅಳೆದ ಉದ್ದಗಳನ್ನು ಜೋಡಿಸಿದರೆ ಯಾವ ವಯಸ್ಸಿನವು ಎಷ್ಟಿವೆ ಅಂತ ತಿಳಿಯುತ್ತದೆ. 1990ರ ದಶಕದ ಮೊದಲ ವರ್ಷಗಳಲ್ಲಿ ಮೇಲ್ಭಾಗದ ಕೊಲರಾಡೊ ನದಿಯ ಲೆಕ್ಕದಲ್ಲಿ ಸಣ್ಣ ಮೀನಿನ ಸಾಲೇ ಖಾಲಿ ಇತ್ತು. ಒಂದು ವರ್ಷ ಖಾಲಿ ಇದ್ದರೆ ನೆರೆ ಬಂತು, ಚಳಿ ಜಾಸ್ತಿ ಆಯಿತು ಅನ್ನಬಹುದು. ಒಂದಾದ ಮೇಲೊಂದು ವರ್ಷ ಅದೇ ಆದರೆ? ಮೊಟ್ಟೆ ಒಡೆದು ಮರಿ ಹೊರಗೆ ಬರುತ್ತಿದ್ದವು, ಬೇಸಿಗೆ ಕಳೆಯುವುದರೊಳಗೆ ಕಾಣೆಯಾಗುತ್ತಿದ್ದವು. ನದಿಯಲ್ಲಿ ಇದ್ದದ್ದೆಲ್ಲ ಮುದುಕ ಮೀನು. ಅವು ಸಾಯುವವರೆಗೆ ಗಾಳದವನಿಗೆ ಏನೂ ಗೊತ್ತಾಗುವುದಿಲ್ಲ, ಗೊತ್ತಾಗುವ ಹೊತ್ತಿಗೆ ಹಿಂದೆ ಬರುವವು ಯಾರೂ ಇರುವುದಿಲ್ಲ. 1993–94ರ ಹೊತ್ತಿಗೆ ಸಂಶೋಧಕರಿಗೆ ಕಾರಣ ಹೊಳೆದಿತ್ತು. ಗನ್ನಿಸನ್ ನದಿಯಲ್ಲೂ ಅದೇ ಚಿತ್ರ.

ಆ ಹೊತ್ತಿಗೇ ಉತ್ತರದ ಮೊಂಟಾನಾ ರಾಜ್ಯದಿಂದಲೂ ಸುದ್ದಿ ಬಂತು. ಹೆಸರಾದ ಮ್ಯಾಡಿಸನ್ ನದಿಯ ಒಂದು ಭಾಗದಲ್ಲಿ ಮೈಲಿಗೆ ಸುಮಾರು 3,300 ಇದ್ದ ರೈನ್‌ಬೋ ಸುಮಾರು 300ಕ್ಕೆ ಇಳಿದಿತ್ತು. 1994ರ ಕೊನೆಗೆ ಅಲ್ಲಿಯೂ ಸುತ್ತು ರೋಗ ಅಂತ ಖಚಿತವಾಯಿತು. ಆಮೇಲೆ ಇದು ಕೊಳದ ರೋಗ ಅಷ್ಟೇ ಅಂತ ಹೇಳಲು ಯಾರಿಗೂ ಬಾಯಿ ಬರಲಿಲ್ಲ.

ಎರಡೂ ಕಡೆ ಬ್ರೌನ್ ಟ್ರೌಟ್ ಮಾತ್ರ ಅಲುಗಾಡಲಿಲ್ಲ. ಅದಕ್ಕೆ ಹುಟ್ಟಿನಿಂದ ತಡೆಯುವ ಶಕ್ತಿ ಇದೆ. ಜೊತೆಗೆ ಕಾಲದ ಲೆಕ್ಕವೂ ಅದರ ಪರವಾಗಿತ್ತು. ಬ್ರೌನ್ ಮೊಟ್ಟೆ ಇಡುವುದು ಚಳಿಗಾಲಕ್ಕೆ ಮುಂಚೆ, ಅದರ ಮರಿ ವಸಂತದ ಹೊತ್ತಿಗೆ ಹೊರಬಂದು ಸ್ವಲ್ಪ ಗಟ್ಟಿಯಾಗಿರುತ್ತವೆ. ರೈನ್‌ಬೋ ಮೊಟ್ಟೆ ಇಡುವುದೇ ವಸಂತದಲ್ಲಿ, ಮರಿ ಬರುವುದು ಬೇಸಿಗೆಯ ಶುರುವಿಗೆ. ನೀರು 10ರಿಂದ 15 ಡಿಗ್ರಿ ಇದ್ದಾಗ ಹುಳುಗಳು ಪರಾವಲಂಬಿಯನ್ನು ಧಾರಾಳವಾಗಿ ಉಗುಳುತ್ತವೆ, ಆಗಲೇ ಈ ಎಳೆ ಮರಿಗಳು ನೀರಿಗೆ ಇಳಿಯುತ್ತವೆ. ರೈನ್‌ಬೋ ಖಾಲಿ ಮಾಡಿದ ಜಾಗವನ್ನೆಲ್ಲ ಬ್ರೌನ್ ಹಿಡಿಯಿತು.

ಏನೇನು ಮಾಡಿ ನೋಡಿದರು

ಮೊದಲ ಕೆಲಸ ಮರಿ ಕೇಂದ್ರಗಳ ಶುದ್ಧಿ. ಟ್ಯೂಬಿಫೆಕ್ಸ್ ಬದುಕುವುದು ಕೆಸರಿನಲ್ಲಿ, ಆದ್ದರಿಂದ ಮಣ್ಣಿನ ಕೊಳಗಳನ್ನು ಕಾಂಕ್ರೀಟಿಗೆ ಬದಲಾಯಿಸಿದರು. ಹೊಳೆ ನೀರು ಬಿಟ್ಟು ಬಾವಿ ನೀರು, ಮುಚ್ಚಿದ ಬುಗ್ಗೆ ನೀರು ತಂದರು. ಹೊಳೆ ನೀರೇ ಗತಿ ಇದ್ದ ಕಡೆ ಸೋಸುವ ವ್ಯವಸ್ಥೆ, ನೇರಳಾತೀತ ದೀಪ ಹಾಕಿದರು. ಒಟ್ಟು ಖರ್ಚು ಒಂದು ಕೋಟಿ ಡಾಲರ್ ದಾಟಿತು. ತಡವಾಗಿ ಮಾಡಿದ ಕೆಲಸ, ಆದರೂ ಸರಿಯಾದ ಕೆಲಸ. ಇದಾದ ಮೇಲೆ ಹೊಸದಾಗಿ ಸೋಂಕು ಸುರಿಯುವುದು ಬಹಳ ಮಟ್ಟಿಗೆ ನಿಂತಿತು. ಎಲ್ಲಿ ಟ್ರೌಟ್ ತಾನೇ ಮರಿ ಮಾಡುತ್ತದೋ ಆ ನೀರಿಗೆ ಸೋಂಕಿನ ಮೀನು ಬಿಡಬಾರದು ಅನ್ನುವ ನಿಯಮ ಹಂತ ಹಂತವಾಗಿ ಬಿಗಿಯಾಯಿತು.

ಇಲ್ಲಿ ಪರೀಕ್ಷೆಯ ವಿಷಯ ಸ್ವಲ್ಪ ಹೇಳಬೇಕು, ನಮ್ಮಲ್ಲಿ ಇದರ ಬಗ್ಗೆ ಮಾತೇ ಕಡಿಮೆ. ಮೀನಿನ ತಲೆಯನ್ನು ಪೆಪ್ಸಿನ್, ಟ್ರಿಪ್ಸಿನ್ ಎಂಬ ಕಿಣ್ವಗಳಲ್ಲಿ ಕರಗಿಸಿ, ಉಳಿದದ್ದರಲ್ಲಿ ಬೀಜಾಣು ಎಣಿಸುತ್ತಾರೆ. ಸಾಮಾನ್ಯವಾಗಿ ಒಂದು ಗುಂಪಿನಿಂದ 60 ಮೀನು ತೆಗೆಯುತ್ತಾರೆ. 60ರಲ್ಲಿ ಒಂದೂ ಸಿಗಲಿಲ್ಲ ಅಂದರೆ ಗುಂಪು ಶುದ್ಧ ಅಂತ ಅರ್ಥ ಅಲ್ಲ. ಗುಂಪಿನಲ್ಲಿ 5 ಶೇಕಡಾ ಅಥವಾ ಅದಕ್ಕಿಂತ ಹೆಚ್ಚು ಮೀನಿಗೆ ಸೋಂಕಿದ್ದರೆ ಅದು ಸಿಕ್ಕೇ ಸಿಗುತ್ತಿತ್ತು ಅಂತ 95 ಶೇಕಡಾ ಭರವಸೆಯಿಂದ ಹೇಳಬಹುದು, ಅಷ್ಟೇ. ಲಕ್ಷ ಮರಿಯಲ್ಲಿ ಒಂದು ಶೇಕಡಾ ಅಂದರೆ ಸಾವಿರ ಮರಿ. ಅವು ಪರೀಕ್ಷೆಯಲ್ಲಿ ತಪ್ಪಿಸಿಕೊಳ್ಳಬಹುದು. ನಮ್ಮ ಕಡೆ ಲಾರಿಯಲ್ಲಿ ಬಂದ ಚೀಲದ ಮರಿಯನ್ನು ಬೆಳಕಿಗೆ ಹಿಡಿದು, ಚುರುಕಾಗಿವೆ ಅಂತ ಕೆರೆಗೆ ಸುರಿಯುತ್ತಾರೆ. ಮೀನು ಹೇನು, ಲಂಗರು ಹುಳು ಬಂದಮೇಲೆ ಔಷಧಿ ಅಂಗಡಿಗೆ ಓಡುತ್ತಾರೆ. ಅವಾದರೂ ಮೈಮೇಲೆ ಕಣ್ಣಿಗೆ ಕಾಣುತ್ತವೆ. ತಲೆಮೂಳೆಯೊಳಗೆ ಕೂತದ್ದನ್ನು ಬೆಳಕಿಗೆ ಹಿಡಿದು ನೋಡಿದರೆ ಏನು ಬಂತು?

ಕೇಂದ್ರ ಶುದ್ಧವಾಯಿತು, ನದಿ ಆಗಲಿಲ್ಲ. ನದಿಗೆ ಔಷಧಿ ಇಲ್ಲ. ಕೆಸರಿನಲ್ಲಿ ಹುಳು ಇದೆ, ಬೀಜಾಣು ಇದೆ, ಬ್ರೌನ್ ಟ್ರೌಟ್ ಸಾಯದೆ ಸೋಂಕನ್ನು ಚೂರುಪಾರು ಮುಂದುವರಿಸುತ್ತಿದೆ. ಶುದ್ಧ ಕೇಂದ್ರದ ಶುದ್ಧ ಮರಿ ತಂದು ಬಿಟ್ಟರೆ ಅದೇ ಬೇಸಿಗೆಯಲ್ಲಿ ಸೋಂಕು ತಗಲಿ ಸಾಯುತ್ತಿದ್ದವು.

ಈ ಹಂತದಲ್ಲಿ ಎರಡು ರಾಜ್ಯಗಳ ದಾರಿ ಬೇರೆಯಾಯಿತು. ಮೊಂಟಾನಾ 1974ರಲ್ಲಿಯೇ, ಟ್ರೌಟ್ ತಾನೇ ಮರಿ ಮಾಡುವ ನದಿಗಳಿಗೆ ಸಾಕಿದ ಮೀನು ಬಿಡುವುದನ್ನು ನಿಲ್ಲಿಸಿತ್ತು. ಸಾಕಿದ ಮೀನು ಬಿಟ್ಟರೆ ಕಾಡುಮೀನು ಕಡಿಮೆಯಾಗುತ್ತವೆ ಅಂತ ಅವರ ಸ್ವಂತ ಅಧ್ಯಯನದಲ್ಲಿ ಗೊತ್ತಾಗಿತ್ತು. ರೋಗ ಬಂದಮೇಲೂ ಆ ಮಾತಿಗೇ ಅಂಟಿಕೊಂಡರು. ಉಳಿದ ಮೀನೇ ತಡೆಯುವ ಶಕ್ತಿ ಬೆಳೆಸಿಕೊಳ್ಳಲಿ ಅಂತ ಕಾದರು. ಮ್ಯಾಡಿಸನ್‌ನಲ್ಲಿ ರೈನ್‌ಬೋ ನಿಧಾನವಾಗಿ ಒಂದಷ್ಟು ಚೇತರಿಸಿಕೊಂಡಿತು. ಕೊಲರಾಡೊದಲ್ಲಿ ಕಾಯುವಷ್ಟು ಮೀನೇ ಉಳಿದಿರಲಿಲ್ಲ. ಕೆಲವು ಭಾಗಗಳಲ್ಲಿ ರೈನ್‌ಬೋ ಹೆಚ್ಚುಕಡಿಮೆ ಅಳಿಸಿಹೋಗಿತ್ತು. ಅವರು ಹೊರಗೆ ಹುಡುಕಿದರು.

ಸಿಕ್ಕಿದ್ದು ಜರ್ಮನಿಯಲ್ಲಿ! ಬವೇರಿಯಾದ ಸಾಕಣೆ ಕೇಂದ್ರವೊಂದರ ರೈನ್‌ಬೋಗಳು, ಅಂದರೆ 19ನೇ ಶತಮಾನದಲ್ಲಿ ಅಮೆರಿಕದಿಂದ ಹೋದವುಗಳ ವಂಶ, ನೂರು ವರ್ಷಕ್ಕೂ ಹೆಚ್ಚು ಕಾಲ ಇದೇ ಪರಾವಲಂಬಿ ಇರುವ ನೀರಿನಲ್ಲಿ ಬೆಳೆದು ಗಟ್ಟಿಯಾಗಿದ್ದವು. ಹೋಫರ್ ತಳಿ ಅನ್ನುತ್ತಾರೆ. ಎಲ್-ಮಟ್ಬೂಲಿ ಎಂಬ ಸಂಶೋಧಕರು ಮತ್ತು ಜೊತೆಗಾರರು ಇದನ್ನು ಪರೀಕ್ಷಿಸಿ, ಈ ತಳಿಯಲ್ಲಿ ಸೋಂಕು ಬಹಳ ಕಡಿಮೆ ಬೆಳೆಯುತ್ತದೆ ಅಂತ ತೋರಿಸಿದರು. ಮೊಟ್ಟೆ ರೂಪದಲ್ಲಿ ಕ್ಯಾಲಿಫೋರ್ನಿಯಾದ ವಿಶ್ವವಿದ್ಯಾಲಯಕ್ಕೆ ತಂದು, ಅಲ್ಲಿ ನೋಡಿ, 2003ರ ಸುಮಾರಿಗೆ ಕೊಲರಾಡೊಗೆ ತಂದರು. ಈ ಸಲ ಹೊರಗಿನ ಮೀನು ಒಳಗೆ ಬಂದ ರೀತಿ ನೋಡಿ. ಮೊದಲ ಸಲ ಜೀವಂತ ಮೀನು ನೇರ ಕೇಂದ್ರಕ್ಕೆ, ಅಲ್ಲಿಂದ ನದಿಗೆ. ಈ ಸಲ ಮೊಟ್ಟೆ ಮಾತ್ರ, ಅದೂ ಮೊದಲು ಪ್ರಯೋಗಾಲಯಕ್ಕೆ, ನದಿಗೆ ಬಿಡುವುದಕ್ಕೆ ಮುಂಚೆ ವರ್ಷಗಟ್ಟಲೆ ಪರೀಕ್ಷೆ. ಪರಾವಲಂಬಿ ಮೊಟ್ಟೆಯ ಮೂಲಕ ದಾಟುವುದಿಲ್ಲ ಅನ್ನುವುದೂ ಅನುಕೂಲವಾಯಿತು.

ಆದರೆ ಹೋಫರ್ ತಳಿಗೆ ಬೇರೆ ಕಷ್ಟ ಇತ್ತು. ತಟ್ಟೆಗೆ ಅಂತ ತಲೆಮಾರುಗಟ್ಟಲೆ ಕಾಂಕ್ರೀಟ್ ಕಾಲುವೆಯಲ್ಲಿ ಬೆಳೆಸಿದ ಮೀನು. ಬೇಗ ದಪ್ಪಗಾಗುತ್ತದೆ, ಹೆದರಿಕೆ ಗೊತ್ತಿಲ್ಲ. ಮೇಲೆ ನೆರಳು ಬಿದ್ದರೆ ಕಾಡುಮೀನು ಓಡುತ್ತದೆ, ಇದು ಊಟ ಬಂತು ಅಂತ ಮೇಲೆ ಬರುವ ಜಾತಿ. ನದಿಯಲ್ಲಿ ಹಕ್ಕಿ, ನೀರುನಾಯಿ, ದೊಡ್ಡ ಬ್ರೌನ್ ಎಲ್ಲ ಕಾದಿರುತ್ತವೆ. ಅದಕ್ಕೆ ಹೋಫರ್ ಅನ್ನು ಹಾಗೇ ಬಿಡದೆ, ಕೊಲರಾಡೊ ನದಿಯ ಹಳೆಯ ಕಾಡು ರೈನ್‌ಬೋ ವಂಶದ ಜೊತೆ ಮಿಶ್ರ ಮಾಡಿದರು. ಒಬ್ಬರಿಂದ ರೋಗ ತಡೆಯುವ ಶಕ್ತಿ, ಇನ್ನೊಬ್ಬರಿಂದ ನದಿಯ ಬುದ್ಧಿ.

2006ರಿಂದ ಮೇಲ್ಭಾಗದ ಕೊಲರಾಡೊ ನದಿಗೆ ಈ ಮಿಶ್ರ ಮೀನು ಬಿಡಲು ಶುರು ಮಾಡಿದರು. ದೊಡ್ಡ ಮೀನು ಬಿಟ್ಟರು, ಸಾಯುವುದು ಕಡಿಮೆ ಅನ್ನುವ ಲೆಕ್ಕ. ಕೇಳಿದರೆ ನಾನೂ ಹಾಗೇ ಹೇಳುತ್ತಿದ್ದೆನೇನೋ, ನಮ್ಮ ಕೆರೆಗಳಿಗೂ ಚಿಕ್ಕ ಮರಿಗಿಂತ ಬೆರಳುದ್ದದ ಮರಿ ಬಿಡಿ ಅಂತಲೇ ಹೇಳುವುದು. ಆದರೆ ಕೇಂದ್ರದಲ್ಲಿ ಬೆಳೆದ ದೊಡ್ಡ ಮೀನು ನದಿಯಲ್ಲಿ ನಿಲ್ಲಲಿಲ್ಲ. ಬಹಳಷ್ಟು ಸತ್ತವು. ಅವುಗಳ ಮರಿಗಳ ಗುರುತು ವಂಶವಾಹಿ ಪರೀಕ್ಷೆಯಲ್ಲಿ ತೀರ ಕಡಿಮೆ ಸಿಕ್ಕಿತು.

ಇನ್ನೊಂದು ತಿರುವು ಇಲ್ಲಿ. ಮಿಶ್ರ ತಳಿಯ ತೀರ ಚಿಕ್ಕ ಮರಿಗಳನ್ನೇ, ಯಾವ ವಯಸ್ಸಿನಲ್ಲಿ ಹಳೆಯ ರೈನ್‌ಬೋ ಸಾಯುತ್ತಿತ್ತೋ ಆ ವಯಸ್ಸಿನಲ್ಲೇ, ನದಿಯ ಅಂಚಿನ ನಿಧಾನ ನೀರಿಗೆ ಹರಡಿ ಬಿಟ್ಟರು. ಬಿಟ್ಟ ಮರಿಯಲ್ಲಿ ಬಹುಪಾಲು ಸಾಯುತ್ತವೆ, ಅದು ಗೊತ್ತಿದ್ದದ್ದೇ. ಉಳಿದವು ನದಿಯಲ್ಲೇ ಬೆಳೆದವು, ಓಡಲು ಅಡಗಲು ಅಲ್ಲೇ ಕಲಿತವು, ದೊಡ್ಡದಾಗಿ ಅಲ್ಲೇ ಮೊಟ್ಟೆ ಇಟ್ಟವು. 2010ರ ದಶಕದಲ್ಲಿ ಮೇಲ್ಭಾಗದ ಕೊಲರಾಡೊ ನದಿಯಲ್ಲಿ ರೈನ್‌ಬೋ ಸಂಖ್ಯೆ ಏರಿದ್ದು ಈ ದಾರಿಯಿಂದ. ಗನ್ನಿಸನ್ ನದಿಯ ಈಸ್ಟ್ ಪೋರ್ಟಲ್ ಭಾಗದಲ್ಲಿ ಇನ್ನೂ ಚೆನ್ನಾಗಿ ಆಯಿತು. ಅಲ್ಲಿ ಬಿಟ್ಟ ಮಿಶ್ರ ಮೀನು ತಾನೇ ಸಂತತಿ ಬೆಳೆಸಿ, ತಡೆಯುವ ಶಕ್ತಿ ಇರುವ ಕಾಡುಮೀನೇ ಆಯಿತು. ಈಗ ಬೇರೆ ನದಿಗಳಿಗೆ ಬೇಕಾದ ಮೊಟ್ಟೆಯನ್ನು ಆ ನದಿಯ ಮೀನಿನಿಂದಲೇ ತೆಗೆಯುತ್ತಾರೆ. ಕೇಂದ್ರದಿಂದ ನದಿಗೆ ಹೋಗುತ್ತಿದ್ದದ್ದು ಉಲ್ಟಾ ಆಯಿತು.

ಮಧ್ಯದಲ್ಲಿ ಇನ್ನೊಂದು ತಲೆನೋವು ಎದ್ದಿತು. ತಂಪು ನೀರಿನಲ್ಲಿ ಬರುವ ಒಂದು ಬ್ಯಾಕ್ಟೀರಿಯಾ ರೋಗ ಕೇಂದ್ರಗಳಲ್ಲಿ ಮರಿ ಕೊಲ್ಲತೊಡಗಿತು. ಸುತ್ತು ರೋಗ ತಡೆಯುವ ಮೀನು ಅದನ್ನೂ ತಡೆಯುತ್ತದೆ ಅಂತೇನೂ ಇಲ್ಲವಲ್ಲ. ಎರಡನ್ನೂ ತಡೆಯುವ ತಳಿಗಾಗಿ ಕೆಲಸ ಶುರುವಾಯಿತು.

ಹುಳುವಿನ ಕಡೆಯಿಂದ ನೋಡಿದರೆ

ಇಷ್ಟೆಲ್ಲ ಮೀನಿನ ಮಾತು. ನನಗೆ ಹೆಚ್ಚು ಹಿಡಿಸಿದ್ದು ಕೆಸರಿನ ಕೆಲಸ, ಅದರ ಬಗ್ಗೆ ಬರೆಯುವವರು ಕಡಿಮೆ.

ಟ್ಯೂಬಿಫೆಕ್ಸ್ ಅಂತ ನಾವು ಕರೆಯುವುದು ಕಣ್ಣಿಗೆ ಒಂದೇ ಥರ ಕಂಡರೂ ಒಳಗೆ ಹಲವು ವಂಶಗಳಿವೆ. ಕೆಲವು ವಂಶದ ಹುಳುಗಳಲ್ಲಿ ಪರಾವಲಂಬಿ ಧಾರಾಳವಾಗಿ ಬೆಳೆಯುತ್ತದೆ. ಇನ್ನು ಕೆಲವು ಬೀಜಾಣುವನ್ನು ನುಂಗಿದರೂ ಏನೂ ಹೊರಗೆ ಬಿಡುವುದಿಲ್ಲ, ಬೀಜಾಣು ಅಲ್ಲಿಗೇ ಮುಗಿಯುತ್ತದೆ. ಎರಡನೆಯವು ಜಾಸ್ತಿ ಇರುವ ಕೆಸರು ತಾನೇ ಒಂದು ಜರಡಿ. ಹಾಗಾಗಿ ಎರಡು ನದಿಗೆ ಒಂದೇ ಅಳತೆಯ ಸೋಂಕು ಬಿದ್ದರೂ ಫಲ ಒಂದೇ ಆಗಬೇಕಿಲ್ಲ. ಪೂರ್ವದ ಅನುಭವ ಪಶ್ಚಿಮಕ್ಕೆ ಏಕೆ ಒಪ್ಪಲಿಲ್ಲ ಅನ್ನುವುದಕ್ಕೆ ಮೀನಿನ ಜೊತೆ ಹುಳುವನ್ನೂ ಕೇಳಬೇಕಾಗಿತ್ತು.

ಮೇಲ್ಭಾಗದ ಕೊಲರಾಡೊ ನದಿಯಲ್ಲಿ ಹುಳುವಿನ ಕಾರ್ಖಾನೆ ಎಲ್ಲಿ ಅಂತ ಹುಡುಕಿದರೆ ಬೆರಳು ತೋರಿದ್ದು ಒಂದು ಅಣೆಕಟ್ಟಿನ ಕಡೆಗೆ. 1985ರಲ್ಲಿ ನದಿಗೆ ಅಡ್ಡ ಕಟ್ಟಿದ ವಿಂಡಿ ಗ್ಯಾಪ್ ಅನ್ನುವ ಸಣ್ಣ, ಆಳ ಕಡಿಮೆ ಇರುವ ಜಲಾಶಯ. ನಿಂತ ನೀರು ಬಿಸಿಯಾಗುತ್ತದೆ, ಹೂಳು ಕೂರುತ್ತದೆ, ಟ್ಯೂಬಿಫೆಕ್ಸ್‌ಗೆ ಇನ್ನೇನು ಬೇಕು? ನೀರನ್ನು ಸೋಸಿ ಎಣಿಸಿದಾಗ ಆ ಜಲಾಶಯದಿಂದ ಹೊರಬರುವ ನೀರಿನಲ್ಲಿ ಮೂರು ಕೈಯ ಪರಾವಲಂಬಿ ದಂಡಿಯಾಗಿ ಸಿಕ್ಕಿತು. ಮೀನು ಬಿಟ್ಟವರು ಸೋಂಕು ತಂದರು ನಿಜ, ಆದರೆ ಅದಕ್ಕೆ ಮನೆ ಕಟ್ಟಿಕೊಟ್ಟದ್ದು ನೀರು ಸರಬರಾಜಿನ ಕಡೆಯವರು, ಅವರಿಗೆ ಮೀನಿನ ರೋಗದ ಕನಸೂ ಇರಲಿಲ್ಲ. ಅಣೆಕಟ್ಟಿನ ಕೆಳಗೆ ಟ್ರೌಟ್‌ಗೆ ಆಹಾರವಾಗುವ ದೊಡ್ಡ ಕಲ್ಲುನೊಣಗಳು, ಸ್ಕಲ್ಪಿನ್ ಎಂಬ ತಳದ ಮೀನು ಕೂಡ ಕಡಿಮೆಯಾಗಿದ್ದವು. ಕೊನೆಗೆ ಜಲಾಶಯವನ್ನು ಚಿಕ್ಕದು ಮಾಡಿ, ಅದರ ಪಕ್ಕದಲ್ಲಿ ನದಿ ಹರಿಯಲು ಹೊಸ ಪಾತ್ರ ತೋಡಿದರು. ಅದರಲ್ಲಿ ನೀರು ಹರಿಯತೊಡಗಿದ್ದು 2023ರಲ್ಲಿ.

ಪ್ರಕರಣದಿಂದ ನಾನು ಎತ್ತಿಕೊಳ್ಳುವುದು ಇಷ್ಟು. ನಷ್ಟ ಮೊದಲು ಕಾಣುವುದು ಮರಿಯ ಲೆಕ್ಕದಲ್ಲಿ, ಹಿಡಿದ ಮೀನಿನ ತೂಕದಲ್ಲಲ್ಲ. ಕೆರೆಯಲ್ಲಿ ಮೀನು ತಾನೇ ಮರಿ ಮಾಡುತ್ತಿದ್ದರೆ ವರ್ಷಕ್ಕೊಮ್ಮೆ ಸಣ್ಣ ಕಣ್ಣಿನ ಬಲೆ ಎಳೆದು ನೋಡುವವರಿಗೆ ಇದು ಸಿಗುತ್ತದೆ, ಮಾರುಕಟ್ಟೆಯ ಚೀಟಿ ಮಾತ್ರ ನೋಡುವವರಿಗೆ ಸಿಗುವುದಿಲ್ಲ. ಇನ್ನೊಂದು, ಸೋಂಕು ಕಂಡ ಮೇಲೂ ಮೀನು ಬಿಡುವುದಾದರೆ ಆ ನಿರ್ಧಾರಕ್ಕೆ ಒಂದು ಕೊನೆ ದಿನಾಂಕ ಇರಬೇಕು, ಯಾವ ಲೆಕ್ಕ ಕೆಟ್ಟರೆ ನಿಲ್ಲಿಸುತ್ತೇವೆ ಅಂತ ಮೊದಲೇ ಬರೆದಿರಬೇಕು. ಕೊಲರಾಡೊದಲ್ಲಿ ಅದು ಇರಲಿಲ್ಲ. ಆದ್ದರಿಂದ ಖಾಲಿ ಸಾಲು ಕಂಡಮೇಲೂ ವಾದ ನಡೆಯುತ್ತಲೇ ಇತ್ತು.

ಒಂದು ಗಂಟು ಹಾಗೇ ಉಳಿದಿದೆ. ಅಲ್ಲಿಯ ಸ್ವಂತ ಮೀನು ಕಟ್‌ಥ್ರೋಟ್‌ಗೂ ಈ ರೋಗ ಬಲವಾಗಿ ತಗಲುತ್ತದೆ. ಅದಕ್ಕೆ ಜರ್ಮನಿಯಲ್ಲಿ ನೂರು ವರ್ಷ ಪಳಗಿದ ನೆಂಟರು ಯಾರೂ ಇಲ್ಲ. ತಡೆಯುವ ಶಕ್ತಿ ಇರುವ ರೈನ್‌ಬೋವನ್ನು ಅದರ ಹೊಳೆಗೆ ಬಿಡುವ ಹಾಗೂ ಇಲ್ಲ, ಎರಡೂ ಕೂಡಿ ಮಿಶ್ರ ಸಂತತಿ ಮಾಡುತ್ತವೆ, ನಾಲ್ಕು ತಲೆಮಾರಿಗೆ ಕಟ್‌ಥ್ರೋಟ್ ಅನ್ನುವುದೇ ಕರಗಿಹೋಗಬಹುದು. ಹಾಗಾಗಿ ರೈನ್‌ಬೋ ಗೆದ್ದಷ್ಟೂ ಅದನ್ನು ಎಲ್ಲಿ ಬಿಡಬಾರದು ಅನ್ನುವ ಪಟ್ಟಿ ಮುಖ್ಯವಾಗುತ್ತದೆ. ಕಟ್‌ಥ್ರೋಟ್ ಉಳಿದಿರುವುದು ಹೆಚ್ಚಾಗಿ ಬೆಟ್ಟದ ಮೇಲಿನ ಕಡಿದಾದ ತೊರೆಗಳಲ್ಲಿ. ಅಲ್ಲಿ ಹೂಳು ಕಡಿಮೆ, ಹುಳುವೂ ಕಡಿಮೆ. ಕೆಳಗಿನ ಮೀನು ಹತ್ತದ ಹಾಗೆ ಜಲಪಾತವೋ ಕಟ್ಟಿದ ತಡೆಯೋ ಇರುವ ಜಾಗ ನೋಡಿ, ಪರೀಕ್ಷೆಯಲ್ಲಿ ಸೋಂಕಿಲ್ಲ ಅಂತ ಬಂದ ಕಟ್‌ಥ್ರೋಟ್ ಮರಿಗಳನ್ನು ಮಾತ್ರ ಆ ತೊರೆಗಳಿಗೆ ಬಿಡುತ್ತಾರೆ.